ಮಿಂಚಕ್ಕನ ಅರ್ಧ ಗ್ಯಾರೇಜು

ನನ್ನ ತಮ್ಮನ ಹೆಂಡತಿಯನ್ನು ಬೀದಿಯವರೆಲ್ಲ ಮಿಂಚಕ್ಕ ಎನ್ನುತ್ತಾರೆ. ಆ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಸುಳ್ಳು ಹೇಳಿಲ್ಲ. ಅವಳು ಉಜ್ಜಿಟ್ಟ ಕಾರಿನ ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡವರನ್ನು ನಾನೇ ಕಂಡಿದ್ದೇನೆ. ವಯಸ್ಸು ಐವತ್ತು ದಾಟಿದೆ. ಗಿಡ್ಡ ಆಳು, ಗಟ್ಟಿ ತೋಳು, ಅದಕ್ಕಿಂತ ಗಟ್ಟಿ ಗಂಟಲು. ಕೆಲಸ ಅಂದುಕೊಂಡ ಹಾಗೆ ಬಂತೆಂದರೆ ನಿಂತಲ್ಲೇ ಕುಣಿಯುತ್ತಾಳೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದು ಹಿಡಿಸುತ್ತಿರಲಿಲ್ಲ. ಈಗಲೂ ಅಷ್ಟಾಗಿ ಹಿಡಿಸುವುದಿಲ್ಲ. ಆದರೆ ಕಾರಣವಿಲ್ಲದೆ ಅವಳು ಕುಣಿದದ್ದನ್ನು ನಾನು ನೋಡಿಲ್ಲ.

ಅವಳ ತಂದೆ ಮರದ ಸಾಮಾನಿಗೆ ಪಾಲಿಶ್ ಹಾಕುತ್ತಿದ್ದವರು. ಅರಗಿನ ದ್ರಾವಣದಲ್ಲಿ ಅದ್ದಿದ ಬಟ್ಟೆಯ ಉಂಡೆಯನ್ನು ಮೇಜಿನ ಮೇಲೆ, ಬೀರುವಿನ ಮೇಲೆ, ಕೈ ನಿಲ್ಲಿಸದೆ ಸುತ್ತ ಸುತ್ತ ಆಡಿಸುವ ಕೆಲಸ. ಎಲ್ಲಿ ಕೈ ನಿಂತಿತೋ ಅಲ್ಲಿ ಕಲೆ. ಅಣ್ಣಂದಿರಿಬ್ಬರೂ ಆ ವಾಸನೆಗೇ ಓಡಿಹೋದರು. ಇವಳು ಅಪ್ಪನ ಪಕ್ಕ ಕುಳಿತು ಕಲಿತಳು. ಕಣ್ಣು ಮುಚ್ಚಿ ಹಲಗೆಯ ಮೇಲೆ ಬೆರಳಾಡಿಸಿ, ಪಾಲಿಶ್ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಹೇಳುತ್ತಿದ್ದಳಂತೆ. ಹೀಗಿದ್ದವಳು ಕಾರುಗಳಿಗೆ ಬಣ್ಣ ಹೊಡೆಯುವ ನನ್ನ ತಮ್ಮನನ್ನು ಮದುವೆಯಾದಳು. ಅವನ ಕೈಗೆ ಸ್ಪ್ರೇ ಗನ್ನೇ ಸರ್ವಸ್ವ. ಗೀರು ಬಿದ್ದ ಕಾರನ್ನಾಗಲಿ, ಮಂಕಾದ ಕಾರನ್ನಾಗಲಿ, ಬರೀ ಬೇಸರವಾಗುವಂಥ ಕಾರನ್ನಾಗಲಿ, ಕೆರೆದು ಹೊಸ ಬಣ್ಣ ಹೊಡೆಯುವುದೇ ಅವನ ಪ್ರಕಾರ ಪರಿಹಾರ.

ಮೊದಲ ಕೆಲವು ವರ್ಷ ಅವಳಿಗೆ ಸಿಕ್ಕಿದ್ದು ಕಾರಿನ ಗಾಜು, ದೀಪಗಳ ಮೇಲೆ ಪೇಪರ್ ಅಂಟಿಸುವ ಕೆಲಸ. ಆಮೇಲೆ, ನನ್ನ ತಮ್ಮ ಬಣ್ಣ ಹೊಡೆದ ಕಾರಿಗೆ ಕೊನೆಯ ಹೊಳಪು ಕೊಡುವ ಕೆಲಸವನ್ನು ಅವಳಾಗಿಯೇ ಎಳೆದುಕೊಂಡಳು. ನಾವು ಮೂವರೂ ಇರುವ ಮನೆಯ ಕೆಳಗಿನ ಗ್ಯಾರೇಜನ್ನು ದಪ್ಪ ಪ್ಲಾಸ್ಟಿಕ್ ಪರದೆಯೊಂದು ಎರಡು ಮಾಡಿತು. ಆ ಕಡೆ ಅವನು, ಈ ಕಡೆ ಅವಳು. ಗನ್ನಿನಿಂದ ಹೊರಟ ಬಣ್ಣವೆಲ್ಲ ಕಾರಿನ ಮೇಲೇ ಕೂರುವುದಿಲ್ಲ. ಸ್ವಲ್ಪ ಮಂಜಿನ ಹಾಗೆ ತೇಲಿಹೋಗಿ ಸಿಕ್ಕಿದ್ದಕ್ಕೆ ಅಂಟುತ್ತದೆ. ಅದಕ್ಕೆ ಅವರು ಒಂದು ಪದ್ಧತಿ ಮಾಡಿಕೊಂಡಿದ್ದರು. ಗನ್ನು ಒತ್ತುವ ಮುಂಚೆ ಅವನು ಪರದೆಯ ಆಚೆಯಿಂದ "ಬಿಡ್ಲಾ?" ಎಂದು ಕೂಗಬೇಕು. ಅವಳು ಪರದೆಯನ್ನು ನೆಲದವರೆಗೆ ಇಳಿಸಿ, ತನ್ನ ಕಡೆಯ ಕಾರಿಗೆ ಹೊದಿಕೆ ಎಳೆದು, ಆಮೇಲೆ "ಬಿಡಿ!" ಎನ್ನಬೇಕು. ದಿನಕ್ಕೆ ಹತ್ತಾರು ಸಲ ಈ ಕೂಗಾಟ ಕೇಳಿಸುತ್ತಿತ್ತು. ಎದುರುಮನೆಯ ದರ್ಜಿ ಒಮ್ಮೆ ನನ್ನನ್ನು ತಡೆದು, "ಇಷ್ಟು ವರ್ಷದಿಂದ ಬಿಡ್ಲಾ ಬಿಡ್ಲಾ ಅಂತಾನೇ ಇದ್ದಾರೆ, ಇನ್ನೂ ಬಿಟ್ಟಿಲ್ವಲ್ಲ ಮೇಡಂ" ಎಂದ. ನಾನು ನಗಲಿಲ್ಲ. ಮನೆಗೆ ಬಂದ ಮೇಲೆ ನಕ್ಕೆ.

ಪರದೆಯ ಈ ಕಡೆಗೆ ಬರುತ್ತಿದ್ದ ಕಾರುಗಳೆಲ್ಲ ಆ ಕಡೆಯಿಂದಲೇ ಬರುತ್ತಿದ್ದವು ಎನ್ನುವುದನ್ನು ಗಮನಿಸಬೇಕು. ಅವಳ ಹೆಸರು ಹೇಳಿ ಅವಳ ಬಳಿಗೇ ಬಂದ ಕಾರು ಒಂದೂ ಇರಲಿಲ್ಲ. ಆ ಕೆಂಪು ಕಾರು ಬರುವವರೆಗೆ.

ತಂದವರು ಆಂಬ್ಯುಲೆನ್ಸ್ ಡ್ರೈವರ್. ಆಗಷ್ಟೇ ಕೆಲಸದಿಂದ ನಿವೃತ್ತರಾಗಿದ್ದರು. ಜೀವಮಾನವಿಡೀ ಬಿಳೀ ಗಾಡಿಯನ್ನು ವೇಗವಾಗಿ, ಒಂದಿಷ್ಟೂ ಖುಷಿಯಿಲ್ಲದೆ ಓಡಿಸಿದವರು; ಇನ್ನು ಕೆಂಪು ಗಾಡಿಯನ್ನು ನಿಧಾನವಾಗಿ ಓಡಿಸಬೇಕೆಂದು ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಹುಡುಕಿ ಕೊಂಡಿದ್ದರು. ಎರಡೇ ಸೀಟು, ನೆಲಕ್ಕೆ ಅಂಟಿದಂಥ ಮೈ, ಉದ್ದ ಮೂತಿ. ಯಾರದೋ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿತ್ತು. ಕಿಟಕಿಯ ಬಿಸಿಲು ಒಂದೇ ಪಕ್ಕಕ್ಕೆ ಬಿದ್ದೂ ಬಿದ್ದೂ ಎಡಮೈ ಬಲಮೈಗಿಂತ ಹೆಚ್ಚು ಬೆಳ್ಳಗಾಗಿತ್ತು.

ನನ್ನ ತಮ್ಮ ಕೈ ಒರೆಸಿಕೊಳ್ಳುತ್ತ ಎದುರು ಹೋದ. "ಬನ್ನಿ ಸಾರ್, ಬನ್ನಿ. ಪೂರ್ತಿ ಬಣ್ಣ ತಾನೆ?"

"ಅಲ್ಲ ಸಾರ್, ನಾನು ಮೇಡಂ ಹತ್ರ ಬಂದದ್ದು. ನನ್ನ ಡಾಕ್ಟ್ರ ಕಾರಿಗೆ ಹೊಳಪು ಕೊಟ್ಟಿದ್ರಂತಲ್ಲ, ಅವರು."

ನನ್ನ ತಮ್ಮ ಆಗಲೇ ಒರೆಸಿದ್ದ ಕೈಯನ್ನು ಮತ್ತೆ ಒರೆಸಿಕೊಂಡ. ಅವನ ಮುಖ ನೋಡುವ ಹಾಗಿತ್ತು. ಮಿಂಚಕ್ಕ ಅಷ್ಟರಲ್ಲಿ ಅವನನ್ನು ದಾಟಿ ಹೋಗಿ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತಿದ್ದಳು.

"ಇದನ್ನ ಕೆಂಪು ಅಂತಾರಾ?" ತಮ್ಮ ಸುಧಾರಿಸಿಕೊಂಡು ಕೇಳಿದ. "ಅಜೀರ್ಣಕ್ಕೆ ಕುಡಿಯೋ ಗುಲಾಬಿ ಔಷಧಿ ಬಣ್ಣ ಇದು."

"ಒಳಗೆ ಕೆಂಪಿದೆ."

"ಒಳಗೆ ತುಕ್ಕೂ ಇರುತ್ತೆ ಕಣೆ."

"ಫ್ಯಾಕ್ಟರೀಲಿ ಹೊಡೆದ ಬಣ್ಣ ಇದು. ಮೇಲೆ ಬೇರೆ ಪದರ ಇಲ್ಲ, ಒಂದೇ ಬಣ್ಣ. ಮೇಲ್ಮೈ ಒಣಗಿ ಸುಣ್ಣ ಆಗಿದೆ ಅಷ್ಟೆ. ಸಾರ್, ನಿಮಗೆ ಹೊಸ ಬಣ್ಣ ಬೇಕಾ, ಇದೇ ಬಣ್ಣ ಬೇಕಾ?"

"ಹೊಸದು ಬೇಕಿದ್ರೆ ಹೊಸ ಕಾರೇ ತಗೊಳ್ತಿದ್ದೆನಲ್ಲಮ್ಮ," ಎಂದರು ಆಂಬ್ಯುಲೆನ್ಸ್ ಡ್ರೈವರ್. "ಮುಂದಿನ ಭಾನುವಾರ ಹಳೇ ಕಾರಿನವರೆಲ್ಲ ಸೇರಿ ಘಾಟಿ ರಸ್ತೇಲಿ ಹೋಗ್ತಿದ್ದೀವಿ. ಆಗುತ್ತಾ?"

"ಆಗುತ್ತೆ!" ಎಂದಳು. ಯೋಚಿಸಿ ಹೇಳಿದ್ದಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ಅವರು ಹೋದ ಮೇಲೆ ನನ್ನ ತಮ್ಮ ಮಾತು ತೆಗೆದ. ಅವನಿಗೆ ಬಣ್ಣ ಹೊಡೆಯುವ ಎರಡನೆಯ ಕೋಣೆ, ಅವನ ಮಾತಿನಲ್ಲಿ ಬೂತು, ಹಾಕಬೇಕೆಂಬ ಆಸೆ ಬಹಳ ದಿನದ್ದು. ಬಣ್ಣಕ್ಕೆ ಬಂದ ಗಾಡಿಗಳು ಬೀದಿಯಲ್ಲಿ ಕಾಯುತ್ತಿದ್ದವು, ಪರದೆಯ ಈ ಕಡೆ ಅರ್ಧ ದಿನ ಖಾಲಿ ಇರುತ್ತಿತ್ತು. ಅದೂ ನಿಜವೇ.

"ನೋಡು, ಈ ಕಾರಿನ ಕೆಂಪು ನೀನು ವಾಪಸ್ ತಂದ್ರೆ ಸರಿ, ನಿನ್ನ ಜಾಗ ನಿಂದು. ಕೆಟ್ಟು ನನ್ನ ಕಡೆಗೆ ಬಂತೋ, ಪರದೆ ಕಿತ್ತುಹಾಕ್ತೀನಿ. ಅಲ್ಲಿಗೆ ಎರಡನೇ ಬೂತು."

"ಆಗ ನಾನೇನು ಮಾಡ್ಲಿ?"

"ಮೊದಲಿನ ಹಾಗೆ ಪೇಪರ್ ಅಂಟಿಸು."

"ಆಯ್ತು."

ಅಡುಗೆಮನೆಯಲ್ಲಿ ನಾನು ಅವಳನ್ನು ಹಿಡಿದು ನಿಲ್ಲಿಸಿದೆ. "ನಿನ್ನ ಕಾಲ ಕೆಳಗಿನ ನೆಲಾನೇ ಪಣ ಇಟ್ಟೆಯಲ್ಲ, ಬುದ್ಧಿ ಇದೆಯಾ?"

"ಅತ್ತಿಗೆ, ಆ ಕಾರಿನ ಬಾಗಿಲ ಸಂದಿ ನೋಡಿದ್ರಾ?" ಎಂದಳು. ನನ್ನ ಪ್ರಶ್ನೆ ಅವಳ ಕಿವಿಗೇ ಬಿದ್ದಿರಲಿಲ್ಲ. "ಬಿಸಿಲು ಬೀಳದ ಜಾಗ. ಅಲ್ಲಿ ಹೇಗಿದೆ ಗೊತ್ತಾ ಬಣ್ಣ! ಆಗತಾನೆ ಕುಯ್ದ ಕಲ್ಲಂಗಡಿ! ಇಡೀ ಕಾರು ಹಾಗಿತ್ತು ಅತ್ತಿಗೆ, ಇಡೀ ಕಾರು!"

ಮರುದಿನ ಕಾರು ತೊಳೆದು, ಒಣಗಿಸಿ, ಕೈಗೆ ತೆಳ್ಳನೆಯ ಪ್ಲಾಸ್ಟಿಕ್ ಚೀಲ ತೊಟ್ಟು ಮೈಯೆಲ್ಲ ಸವರಿದಳು. ಚೀಲದ ಮೂಲಕ ಮುಟ್ಟಿದರೆ ಕಣ್ಣಿಗೆ ಕಾಣದ ಕಸವೂ ಬೆರಳಿಗೆ ಸಿಗುತ್ತದೆ. ಆಮೇಲೆ ತಮ್ಮನ ಮೀಟರು ತಂದು ಬಣ್ಣದ ದಪ್ಪ ಅಳೆದಳು. ಬಾನೆಟ್ಟು, ಬಾಗಿಲು, ಮೇಲಿನ ಮಾಡು ಚೆನ್ನಾಗಿದ್ದವು. ಹಿಂದಿನ ಡಿಕ್ಕಿಯ ಮುಚ್ಚಳದ ಮೇಲೆ ಮೀಟರು ಇಟ್ಟವಳು ಮತ್ತೆ ಇಟ್ಟಳು, ಇನ್ನೊಂದು ಮೂಲೆಯಲ್ಲಿ ಇಟ್ಟಳು.

"ಯಾರೋ ಪುಣ್ಯಾತ್ಮ ಪಾಲಿಶ್ ಮಷಿನ್ ಹಾಕಿ ತೀಡಿ ತೀಡಿ ಇಟ್ಟಿದ್ದಾನೆ. ಈರುಳ್ಳಿ ಸಿಪ್ಪೆಯಷ್ಟು ಉಳಿದಿದೆ. ಇಲ್ಲಿಗೆ ಇನ್ನೊಂದು ಸಲ ಮಷಿನ್ ಮುಟ್ಟಿಸಿದ್ರೆ ಬಣ್ಣದ ಕೆಳಗಿನ ಪ್ರೈಮರ್ ಈಚೆಗೆ ಬರುತ್ತೆ."

"ಹೇಳಿದೆನಲ್ಲ," ಎಂದ ತಮ್ಮ ಪರದೆಯ ಆಚೆಯಿಂದ.

"ನೀವು ನಿಮ್ಮ ವ್ಯಾನ್ ನೋಡ್ಕೊಳ್ಳಿ."

ಆಂಬ್ಯುಲೆನ್ಸ್ ಡ್ರೈವರ್ ನೋಡುತ್ತೇನೆಂದು ಬಂದು ಕುರ್ಚಿ ಹಾಕಿಕೊಂಡಿದ್ದರು. ಅವರ ಎದುರಿಗೇ ಬಾಗಿಲಿನ ಮೇಲೆ ಅಂಗೈಯಗಲದ ಜಾಗದಲ್ಲಿ ಎಣ್ಣೆಯಂಶ ಹೆಚ್ಚಿರುವ ಪಾಲಿಶ್ ಹಚ್ಚಿದಳು. ಅದು ಹೀರಿಕೊಳ್ಳಲು ಬಿಟ್ಟಳು. ಆಮೇಲೆ ಬಟ್ಟೆಯಿಂದ ಒರೆಸಿದಳು. ಬಟ್ಟೆ ಪೂರ್ತಿ ಕೆಂಪಾಯಿತು.

ಅವರು ಕುರ್ಚಿಯಿಂದ ಹಾರಿ ನಿಂತರು. "ಅಯ್ಯೋ, ರಕ್ತ! ನಿಲ್ಸಿ, ನಿಲ್ಸಿ! ಬಣ್ಣ ಎಲ್ಲಾ ಬಟ್ಟೆಗೆ ಬಂತು!"

"ಸತ್ತ ಚರ್ಮ ಸಾರ್ ಅದು. ಕೂತ್ಕೊಳ್ಳಿ. ನಿಮ್ಮ ಕೆಲಸದಲ್ಲಿ ರಕ್ತ ನೋಡಿದ್ರೆ ಹೀಗೇ ಎಗರ್ತಿದ್ರಾ?"

"ಅಲ್ಲಿ ನನ್ನ ಕಾರು ಇರ್ತಿರಲಿಲ್ಲವಲ್ಲಮ್ಮ!"

ಇನ್ನೊಮ್ಮೆ ಹಚ್ಚಿದಳು, ಒರೆಸಿದಳು, ಪಕ್ಕಕ್ಕೆ ಸರಿದಳು. ಸುಣ್ಣದ ಗೋಡೆಯಂತಿದ್ದ ಗುಲಾಬಿ ಬಣ್ಣದ ನಡುವೆ ಅಂಗೈಯಗಲದ ಕೆಂಪು. ಎಂಥ ಕೆಂಪು! ನಾನು ಬಣ್ಣಗಳ ವಿಷಯದಲ್ಲಿ ಸುಲಭವಾಗಿ ಮರುಳಾಗುವವಳಲ್ಲ. ಆದರೂ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ಅವಳು ಕುಣಿದಳು. ಆಂಬ್ಯುಲೆನ್ಸ್ ಡ್ರೈವರ್ ಕೂಡ ಕುಣಿದರು, ಅವರ ಮಂಡಿಗೆ ಎಷ್ಟು ಸಾಧ್ಯವೋ ಅಷ್ಟು. ಪರದೆಯ ಅಂಚಿನಿಂದ ಒಂದು ತಲೆ ಇಣುಕಿ ವಾಪಸು ಹೋಯಿತು.

ಆ ವಾರ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಊಟಕ್ಕೆ ಕುಳಿತಾಗಲೂ ಅವಳ ಉಗುರಿನ ಸಂದಿ ಕೆಂಪು. ಬಾನೆಟ್ಟಿಗೆ ಪಾಲಿಶ್ ಕುಡಿಸಿದಳು, ಮಷಿನ್ನನ್ನು ನಿಧಾನಕ್ಕೆ ಇಟ್ಟು ಗೀರುಗಳನ್ನು ತೆಗೆದಳು, ಬಣ್ಣ ಬೇಗ ಸವೆಯುವ ಅಂಚುಗಳಿಗೆಲ್ಲ ಟೇಪ್ ಅಂಟಿಸಿ ಕಾಪಾಡಿದಳು. ದಿನಕ್ಕೊಂದು ಭಾಗ ಎದ್ದು ಬರುತ್ತಿತ್ತು. ಡಿಕ್ಕಿಯ ಮುಚ್ಚಳಕ್ಕೆ ಮಾತ್ರ ಮಷಿನ್ ತೋರಿಸಲಿಲ್ಲ. ಅಪ್ಪನ ಕೆಲಸದ ಹಾಗೆ ಬಟ್ಟೆಯ ಉಂಡೆ ಮಾಡಿ, ಭಾರ ಹಾಕದೆ, ಕೈ ನಿಲ್ಲಿಸದೆ, ಸುತ್ತ ಸುತ್ತ ಆಡಿಸಿದಳು. ಅದೂ ಎದ್ದು ಬಂತು.

ಇನ್ನು ಉಳಿದದ್ದು ರಕ್ಷಣೆ. ಗಾಜಿನ ಪೊರೆಯ ಹಾಗೆ ಗಟ್ಟಿಯಾಗುವ ಒಂದು ದ್ರವವಿದೆ, ಕೋಟಿಂಗ್ ಎನ್ನುತ್ತಾರೆ. ಹಚ್ಚಿದ ಮೇಲೆ ಅದು ಬೆವರುತ್ತದೆ, ಅದರಲ್ಲಿ ಕಾಮನಬಿಲ್ಲಿನ ಬಣ್ಣಗಳು ಹರಿಯುತ್ತವೆ. ಆ ಬಣ್ಣ ಚದುರುವ ಗಳಿಗೆಯಲ್ಲೇ ಒರೆಸಬೇಕು. ಬೇಗ ಒರೆಸಿದರೆ ಹಿಡಿಯುವುದಿಲ್ಲ, ತಡವಾದರೆ ಕಲೆಯಾಗಿ ಕೂತುಬಿಡುತ್ತದೆ. ಶುಕ್ರವಾರ ಬಾನೆಟ್ಟು, ಬಾಗಿಲು, ಮಾಡು ಮುಗಿದವು. ಡಿಕ್ಕಿಯ ಮುಚ್ಚಳ ಮತ್ತು ಹಿಂದಿನ ಎರಡು ಪಕ್ಕಗಳನ್ನು ಶನಿವಾರ ಬೆಳಿಗ್ಗೆಗೆ ಇಟ್ಟುಕೊಂಡಳು.

ಶನಿವಾರ ಬೆಳಿಗ್ಗೆ ಮೋಡ ಕವಿದಿತ್ತು. ಕಾಮನಬಿಲ್ಲು ಸರಿಯಾಗಿ ಕಾಣಲೆಂದು, ತಮ್ಮನ ಕಡೆಯ ದೊಡ್ಡ ಕಿಟಕಿಯ ಬೆಳಕು ಬರುವಂತೆ ಪರದೆಯನ್ನು ಅರ್ಧಕ್ಕೆ ಎತ್ತಿ ದಾರದಿಂದ ಕಟ್ಟಿದಳು. ಹಿಂದಿನ ಎಡಪಕ್ಕದ ಒಂದು ಮೂಲೆಗೆ ದ್ರವ ಹಚ್ಚಿ, ಮೂಗು ತಗಲುವಷ್ಟು ಹತ್ತಿರ ಬಗ್ಗಿ ಕಾಯುತ್ತಿದ್ದಳು. ತಮ್ಮ ಆ ಕಡೆ ಮುಖಕ್ಕೆ ಮಾಸ್ಕು, ತಲೆಗೆ ಟೋಪಿ ಹಾಕಿಕೊಂಡು ಬಿಳಿ ವ್ಯಾನೊಂದರ ಹಿಂದೆ ನಿಂತಿದ್ದ. ಪರದೆ ಅವನಿಗೆ ಕಾಣುವಂತಿರಲಿಲ್ಲ.

"ಬಿಡ್ಲಾ?"

"ಬಿಡಿ!"

ಬಾಯಿ ತಾನಾಗಿ ಹೇಳಿತು. ಮನಸ್ಸು ಕಾಮನಬಿಲ್ಲಿನ ಮೇಲಿತ್ತು. ಅಷ್ಟು ವರ್ಷ ಸಾವಿರಾರು ಸಲ ಪರದೆ ಇಳಿಸಿಯೇ ಹೇಳಿದ ಮಾತು, ಅಂದು ಪರದೆ ಎತ್ತಿ ಕಟ್ಟಿದ್ದಾಗ ಬಂತು. ಗನ್ನು ಶ್ಶ್ ಎಂದಿತು. ಅವಳು ಮೂಲೆಯನ್ನು ಒರೆಸಿ, ಚೆನ್ನಾಗಿ ಬಂತೆಂದು ನೆಟ್ಟಗಾದಾಗ, ತೋಳಿನ ಕೂದಲ ಮೇಲೆ ಬಿಳಿ ಪುಡಿ ಕಂಡಿತಂತೆ.

ಅವಳ ಕೂಗಿಗೆ ನಾನು ಮೇಲಿನಿಂದ ಇಳಿದು ಬಂದೆ. ಕೆಂಪು ಕಾರಿನ ಮೇಲೆ, ಹಿಂಭಾಗದಲ್ಲಿ ಹೆಚ್ಚಾಗಿ, ಯಾರೋ ಹಿಟ್ಟು ಜರಡಿ ಹಿಡಿದ ಹಾಗಿತ್ತು. ನನ್ನ ತಮ್ಮ ಮಾಸ್ಕು ಕಿತ್ತೆಸೆದು ಓಡಿಬಂದ. ಕಾರು ನೋಡಿದ, ಕಟ್ಟಿದ್ದ ಪರದೆ ನೋಡಿದ, ವಾಪಸು ಓಡಿದ. ಮತ್ತೆ ಬಂದಾಗ ಕೈಯಲ್ಲಿ ತಿನ್ನರ್ ಅದ್ದಿದ ಬಟ್ಟೆ. ಅವನ ಲೋಕದಲ್ಲಿ ಎಲ್ಲಿಗೋ ಸಿಡಿದ ಬಣ್ಣಕ್ಕೆ ಅದೇ ಮದ್ದು.

ಮಿಂಚಕ್ಕ ಎರಡೂ ಕೈ ಚಾಚಿ ಕಾರಿಗೂ ಅವನಿಗೂ ನಡುವೆ ನಿಂತಳು. "ಹತ್ರ ಬಂದ್ರೆ ನೋಡಿ! ಹಳೇ ಬಣ್ಣ ರೀ, ತಿನ್ನರ್ ಸೋಕಿದ್ರೆ ಕರಗಿ ಇಳಿಯುತ್ತೆ!"

"ಹಾಗಾದ್ರೆ ಸಂಜೆ ಹೊತ್ತಿಗೆ ಆ ಬಿಳಿ ಕಲ್ಲಾಗುತ್ತೆ! ಏನ್ ಮಾಡ್ತೀಯ?"

"ಆ ಬಟ್ಟೆ ಹೊರಗೆ ಎಸೀರಿ ಮೊದಲು!"

ಅವನು ಎಸೆದ. ಅವಳು ಒದ್ದೆ ಬಟ್ಟೆ ತೆಗೆದುಕೊಂಡು, ಹಿಂದಿನ ದಿನ ಕೋಟಿಂಗ್ ಆಗಿದ್ದ ಮಾಡಿನ ಮೇಲೆ ಮೆಲ್ಲನೆ ಎಳೆದಳು. ಬಿಳಿ ಪುಡಿ ಬಟ್ಟೆಯ ಜೊತೆ ಹೊರಟುಬಂತು. ಪೂರ್ತಿ. ಕೆಳಗೆ ಕೆಂಪು ಹಾಗೇ ಇತ್ತು. ಬಾಗಿಲಿನಲ್ಲೂ ಅಷ್ಟೆ. "ಹಿಡಿದಿದೆ! ಅತ್ತಿಗೆ, ಹಿಡಿದಿದೆ!" ಎಂದು ಕೂಗಿದಳು. ಆಮೇಲೆ ಡಿಕ್ಕಿಯ ಮುಚ್ಚಳದ ಮೇಲೆ ಅದೇ ಬಟ್ಟೆ ಎಳೆದಳು. ಅಲ್ಲಿ ಏನೂ ಕದಲಲಿಲ್ಲ. ಪೊರೆ ಇನ್ನೂ ಬಿದ್ದಿರದ ಜಾಗ ಅದು, ಈರುಳ್ಳಿ ಸಿಪ್ಪೆಯ ಜಾಗ. ಚೀಲ ತೊಟ್ಟ ಬೆರಳಿಗೆ ಮರಳುಕಾಗದದ ಹಾಗೆ ಸಿಗುತ್ತಿತ್ತು.

ಮಷಿನ್ ಹಾಕುವಂತಿಲ್ಲ, ತಿನ್ನರ್ ಹಾಕುವಂತಿಲ್ಲ. ಉಳಿದದ್ದು ಕ್ಲೇ. ಮಕ್ಕಳು ಆಡುವ ಜೇಡಿಯಂಥದ್ದೇ, ಅದಕ್ಕಿಂತ ನುಣುಪು. ಸೋಪಿನ ನೀರು ಸುರಿದು, ಅದರ ಮೇಲೆ ಕ್ಲೇ ತುಂಡನ್ನು ಜಾರಿಸಿದರೆ ಮೇಲೆ ಕೂತ ಚುಕ್ಕೆಯನ್ನು ಕಚ್ಚಿ ಎಳೆಯುತ್ತದೆ, ಕೆಳಗಿನ ಬಣ್ಣವನ್ನು ಮುಟ್ಟುವುದಿಲ್ಲ. ನೀರು ಆರಿದರೆ ಗೀರುತ್ತದೆ. ಒತ್ತಿದರೂ ಗೀರುತ್ತದೆ. ಒಂದು ಬೊಗಸೆಯಷ್ಟು ಜಾಗ ಮುಗಿಯುವಷ್ಟರಲ್ಲಿ ಕ್ಲೇ ತುಂಡು ಬಿಳಿಯಾಗುತ್ತದೆ, ಅದನ್ನು ಮಡಚಿ ನಾದಿ ಹೊಸ ಮೈ ಮಾಡಿಕೊಳ್ಳಬೇಕು. ಇಡೀ ಹಿಂಭಾಗ ಬಾಕಿ ಇತ್ತು, ಬಣ್ಣ ಗಟ್ಟಿಯಾಗುತ್ತಿತ್ತು.

"ನನಗೂ ಒಂದು ತುಂಡು ಕೊಡು," ಎಂದ ತಮ್ಮ.

"ನಿಮ್ಮ ಕೈ ಒತ್ತುತ್ತೆ."

"ಒತ್ತಲ್ಲ."

"ನಾದಿ ಕೊಡಿ. ಅಷ್ಟೆ. ಅತ್ತಿಗೆ, ನೀವು ಬಟ್ಟೆ ಹಿಂಡಿ. ಬಕೆಟ್ಟಿನ ತಳದ ನೀರು ಬೇಡ, ಮೇಲಿನದು!"

ನನ್ನ ಜೀವನದಲ್ಲಿ ನನಗೆ ಅಷ್ಟು ಜೋರಾಗಿ ಆಜ್ಞೆ ಮಾಡಿದವರು ಕಡಿಮೆ. ಹಿಂಡಿದೆ. ಅವಳು ಜಾರಿಸುವುದು, ಅವನು ನಾದುವುದು, ನಾನು ನೀರು ಸುರಿಯುವುದು. ಒಂದೊಂದು ತೇಪೆಯಾಗಿ ಕೆಂಪು ಹೊರಗೆ ಬರತೊಡಗಿತು. ಬಂದಷ್ಟಕ್ಕೂ ತಮ್ಮ "ಬಂತು, ಅಲ್ಲಿ ಬಂತು, ಈ ಮೂಲೆ ನೋಡು" ಎಂದು ಆಟ ನೋಡುವವರ ಹಾಗೆ ಕೂಗುತ್ತಿದ್ದ. ಸ್ವಲ್ಪ ಹೊತ್ತಿನಲ್ಲಿ ಅವಳ ಬಲಗೈ ಮರಗಟ್ಟಿತು. ಎಡಗೈಗೆ ಬದಲಿಸಿದಳು. ಅದೂ ಸೋತಾಗ ಕ್ಲೇ ತುಂಡನ್ನು ಅವನ ಅಂಗೈಯಲ್ಲಿಟ್ಟಳು.

ಆಗಲೇ ಆಂಬ್ಯುಲೆನ್ಸ್ ಡ್ರೈವರ್ ಬಾಗಿಲಲ್ಲಿ ನಿಂತಿದ್ದರು. ಕಾರು ಒಯ್ಯಲು ಹೇಳಿದ್ದಕ್ಕಿಂತ ಬೇಗ ಬಂದುಬಿಟ್ಟಿದ್ದರು. ಅರ್ಧ ಕೆಂಪು, ಅರ್ಧ ಬಿಳಿ ಡಿಕ್ಕಿ ನೋಡಿ ಅವರ ಮುಖವೂ ಹಾಗೇ ಆಯಿತು.

"ಇದೇನಾಯ್ತು?"

"ಬಣ್ಣ ಬಿತ್ತು ಸಾರ್," ಎಂದಳು ಮಿಂಚಕ್ಕ. "ತಪ್ಪು ನಂದು. ಪರದೆ ಎತ್ತಿಟ್ಟು ಬಿಡಿ ಅಂದೆ."

"ಹೊಡೆದವನು ನಾನು," ಎಂದ ತಮ್ಮ. "ಬಂದು ನೋಡಬೇಕಿತ್ತು."

"ನೀವು ಕೇಳಿದ್ರಿ, ನಾನು ಬಿಡಿ ಅಂದೆ. ಅಲ್ಲಿಗೆ ಮುಗೀತು."

"ಏನು ಮುಗೀತು? ಯಾವಾಗಲೂ ಎಲ್ಲಾ ನಂದೇ ಅಂತ ನೀನೇ ಹೊತ್ಕೋಬೇಡ."

"ತಪ್ಪಿನಲ್ಲೂ ನಿಮಗೆ ಪಾಲು ಬೇಕಾ?"

"ಇಬ್ರೂ ಸ್ವಲ್ಪ ಸುಮ್ಮನಿರಿ!" ಎಂದರು ಅವರು. ಅಪಘಾತದ ಜಾಗದಲ್ಲಿ ಜನ ಚದುರಿಸಿದ ದನಿ ಅದು. "ಬದುಕುತ್ತಾ, ಇಲ್ವಾ? ಅದು ಹೇಳಿ."

"ಇನ್ನೆರಡು ಕೈ ಇದ್ರೆ ಬದುಕುತ್ತೆ," ಎಂದಳು ಮಿಂಚಕ್ಕ.

ಅವರು ಅಂಗಿಯ ತೋಳು ಮಡಚಿದರು. "ಎಲ್ಲಿ ನಿಲ್ಲಲಿ?"

ಅವರನ್ನು ನಾದಲು ನಿಲ್ಲಿಸಿದಳು. ತಮ್ಮ ಜಾರಿಸಿದ. ಅವಳು ಅವನ ಮಣಿಕಟ್ಟಿನ ಮೇಲೆ ಎರಡು ಬೆರಳು ಇಟ್ಟುಕೊಂಡು, ಅವನು ಒತ್ತಿದಾಗಲೆಲ್ಲ "ಹಗುರ, ಹಗುರ" ಎನ್ನುತ್ತಿದ್ದಳು. ಇಷ್ಟು ವರ್ಷ ಬಣ್ಣ ಕೆರೆದ ಕೈ ಅದು. ಬಣ್ಣ ಉಳಿಸುವುದು ಅದಕ್ಕೆ ಹೊಸದು. ಮುಚ್ಚಳದ ಕೊನೆಯ ಅಂಚಿನ ಚುಕ್ಕೆಗಳು ಹೊರಟಾಗ ಹೊರಗೆ ಇನ್ನೂ ಬೆಳಕಿತ್ತು. ತಮ್ಮ ಮೀಟರು ತಂದು ಇಟ್ಟ. ಇನ್ನೊಂದು ಮೂಲೆಯಲ್ಲಿ ಇಟ್ಟ.

"ಎಷ್ಟಿತ್ತೋ ಅಷ್ಟೇ ಇದೆ," ಎಂದ. "ಒಂದು ಚೂರೂ ಹೋಗಿಲ್ಲ ಕಣೆ!"

ಈ ಸಲ ಅವಳು ಕುಣಿಯಲಿಲ್ಲ. ತಲೆಕೆಳಗಾದ ಬಕೆಟ್ಟಿನ ಮೇಲೆ ಕುಳಿತು ದೊಡ್ಡದಾಗಿ ನಕ್ಕಳು. ನೀರು ಕುಡಿದು, ಎದ್ದು, ಪರದೆಯನ್ನು ನೆಲದವರೆಗೆ ಇಳಿಸಿ, ಉಳಿದ ಕೋಟಿಂಗ್ ಹಚ್ಚಿದಳು.

ಭಾನುವಾರ ಕಾರು ಘಾಟಿ ರಸ್ತೆಯಲ್ಲಿ ಹೋಯಿತು. ಸಂಜೆ ಅದು ಬೀದಿಗೆ ತಿರುಗಿದಾಗ ಬಾನೆಟ್ಟಿನ ಮೇಲೆ ಹುಳಹುಪ್ಪಟೆ, ಮೈಗೆಲ್ಲ ಧೂಳು. ಒಂದು ಬಕೆಟ್ ನೀರು ಸುರಿದದ್ದೇ ತಡ, ನೀರು ಮಣಿಮಣಿಯಾಗಿ ಎಲ್ಲವನ್ನೂ ಹೊತ್ತುಕೊಂಡು ಇಳಿಯಿತು. ಅದರ ಹಿಂದೆಯೇ ಇನ್ನೂ ಎರಡು ಹಳೆಯ ಕಾರುಗಳು ಬಂದು ನಿಂತವು, ಒಂದು ಮಂಕು ನೀಲಿ, ಒಂದು ಹಳದಿ. ನೀಲಿ ಕಾರಿನಿಂದ ಇಳಿದ ಹೆಂಗಸು ತಮ್ಮನನ್ನು ದಾಟಿ ನೋಡುತ್ತ, "ಮಿಂಚಕ್ಕ ಅಂದ್ರೆ ಯಾರು?" ಎಂದು ಕೇಳಿದಳು.

ಸೋಮವಾರ, ಪಣ ಕಟ್ಟಿದ ದಿನವೇ ತಮ್ಮ ಹೇಳಿಟ್ಟಿದ್ದ ಬೂತು ಹಾಕುವ ಮೇಸ್ತ್ರಿ ಅಳತೆಪಟ್ಟಿ ಹಿಡಿದು ಬಂದ. ತಮ್ಮ ಅವನಿಗೆ ಬರಬೇಡವೆಂದು ಹೇಳುವುದನ್ನು ಮರೆತಿದ್ದನೋ, ಬೇಕೆಂದೇ ಹೇಳಿರಲಿಲ್ಲವೋ, ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಮಿಂಚಕ್ಕನೇ ಮುಂದೆ ಹೋಗಿ ಪರದೆ ತೋರಿಸಿದಳು.

"ಇದನ್ನ ಕಿತ್ತುಹಾಕಿ."

ತಮ್ಮನ ಮುಖ ಸಣ್ಣದಾಯಿತು. "ನೀನು ಗೆದ್ದಿದ್ದೀಯಲ್ಲ ಮಾರಾಯ್ತಿ. ಜಾಗ ನಿಂದೇ."

"ಜಾಗ ನಂದೇ. ಅದಕ್ಕೇ ಹೇಳ್ತಿರೋದು. ಮೇಸ್ತ್ರಿ, ಇಲ್ಲಿ ಗೋಡೆ ಬರಲಿ. ನೆಲದಿಂದ ಸೂರಿನವರೆಗೆ. ನನ್ನ ಕಡೆಗೆ ನನ್ನದೇ ಬಾಗಿಲು, ರಸ್ತೆಗೆ ತೆರೆಯೋ ಹಾಗೆ. ನನ್ನದೇ ಕಿಟಕಿ, ದೊಡ್ಡದು."

"ಗೋಡೆ ಕಟ್ಟಿದ್ರೆ ನಾನು ಕೂಗಿದ್ದು ನಿನಗೆ ಕೇಳಿಸಲ್ಲ," ಎಂದ ತಮ್ಮ.

"ಕೇಳಿಸಬಾರದು ಅಂತಾನೇ ರೀ."

ಮೇಸ್ತ್ರಿ ಇಬ್ಬರ ಮುಖವನ್ನೂ ನೋಡಿದ. ತಮ್ಮ ಬಗ್ಗಿ ಅಳತೆಪಟ್ಟಿಯ ಇನ್ನೊಂದು ತುದಿ ಹಿಡಿದುಕೊಂಡ. ಗೋಡೆ ಎದ್ದಿತು. ನೀಲಿ ಕಾರೂ ಹಳದಿ ಕಾರೂ ಬೀದಿಯಲ್ಲೇ ಕಾದವು. ಮಾಲೀಕರು ದಿನಾ ಬಂದು ಗೋಡೆ ತಟ್ಟಿ ಆಯಿತಾ ಎಂದು ಕೇಳಿದರೂ, ಸಿಮೆಂಟಿನ ಧೂಳು ಪೂರ್ತಿ ಅಡಗುವವರೆಗೆ ಮಿಂಚಕ್ಕ ಒಂದು ಕಾರನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ.